ತಟ್ಟೆಯಗಲದ ಕುಕಿ: ಉಡುಗೊರೆಗೆ ಮನೆಯಲ್ಲೇ ಮಾಡುವ ಬಗೆ

ಆಟೋದಲ್ಲಿ ಕ್ರೀಮ್ ಕೇಕ್ ಒಯ್ಯುವವರನ್ನು ನೋಡಿದ್ದೀರಲ್ವಾ? ಡಬ್ಬಿ ತೊಡೆಯ ಮೇಲೆ, ಕಣ್ಣು ರಸ್ತೆಯ ಮೇಲೆ. ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಾರೆ. ಆದರೂ ಮನೆ ಮುಟ್ಟುವಷ್ಟರಲ್ಲಿ ಗುಲಾಬಿ ಹೂವೆಲ್ಲ ಒಂದು ಕಡೆಗೆ ವಾಲಿರುತ್ತದೆ. ನಾನಿರುವುದು ಶಿವಮೊಗ್ಗದಲ್ಲಿ, ಅಣ್ಣನ ಮಕ್ಕಳು ಬೆಂಗಳೂರಿನಲ್ಲಿ, ನಾದಿನಿ ಮಂಗಳೂರಿನಲ್ಲಿ. ಇಷ್ಟು ದೂರಕ್ಕೆ ಕ್ರೀಮ್ ಕೇಕ್ ಆಗದ ಮಾತು. ದೊಡ್ಡ ಕುಕಿ ಹಾಗಲ್ಲ. ಫ್ರಿಜ್ ಬೇಕಿಲ್ಲ, ಜಜ್ಜಿಹೋಗುವುದಿಲ್ಲ, ಜನಶತಾಬ್ದಿ ರೈಲಿನಲ್ಲಿ ಸೀಟಿನ ಪಕ್ಕ ಇಟ್ಟುಕೊಂಡರೆ ಹೋದ ಹಾಗೇ ಇಳಿಯುತ್ತದೆ. ಮೇಲೆ ಹೆಸರು ಬರೆಯಬಹುದು, ಬಣ್ಣ ಹಾಕಬಹುದು, ಮೇಣದಬತ್ತಿಯನ್ನೂ ಚುಚ್ಚಬಹುದು. ಮಕ್ಕಳಿಗೆ ಕೇಕಿಗಿಂತ ಇದೇ ಇಷ್ಟ ಅನ್ನುವುದು ನನ್ನ ಅಂದಾಜು. ದೊಡ್ಡವರು ಒಪ್ಪುವುದಿಲ್ಲ, ಆದರೆ ಎರಡನೇ ತುಂಡು ತೆಗೆದುಕೊಳ್ಳುತ್ತಾರೆ.

ಶುರುವಿಗೇ ಒಂದು ಮಾತು. ಸಣ್ಣ ಕುಕಿಯ ಹಿಟ್ಟನ್ನೇ ತಟ್ಟೆಯಗಲ ತಟ್ಟಿದರೆ ದೊಡ್ಡ ಕುಕಿ ಆಗುವುದಿಲ್ಲ. ಸಣ್ಣದರಲ್ಲಿ ಅಂಚಿಗೂ ನಡುವಿಗೂ ಇರುವ ದೂರ ಎರಡು ಬೆರಳಿನಷ್ಟು. ದೊಡ್ಡದರಲ್ಲಿ ಅರ್ಧ ಗೇಣಿಗಿಂತ ಜಾಸ್ತಿ. ಟಿನ್ನಿನ ಗೋಡೆಗೆ ತಾಗಿದ ಅಂಚು ಬೇಗ ಬೇಯುತ್ತದೆ, ನಡು ಹಿಂದೆ ಬೀಳುತ್ತದೆ. ನಡು ಬೇಯಲಿ ಅಂತ ಕಾದರೆ ಅಂಚು ರಸ್ಕಿನ ಹಾಗೆ ಗಟ್ಟಿಯಾಗುತ್ತದೆ. ಕೆಳಗೆ ನಾನು ಹೇಳುವ ಅರ್ಧಕ್ಕರ್ಧ ಕೆಲಸ ಈ ನಡುವನ್ನು ಅಂಚಿನ ಜೊತೆಗೆ ಕರೆದುಕೊಂಡು ಬರುವುದಕ್ಕೇ.

ಮೊದಲು ಅಳತೆ

ನನ್ನ ಓಟಿಜಿ (ಕಟ್ಟೆಯ ಮೇಲಿಡುವ ಸಣ್ಣ ಕರೆಂಟ್ ಓವನ್) 28 ಲೀಟರಿನದು. ಅದರಲ್ಲಿ ಹತ್ತು ಇಂಚಿನ, ಅಂದರೆ 25 ಸೆಂಟಿಮೀಟರಿನ ದುಂಡನೆಯ ಟಿನ್ ಇಟ್ಟರೆ ಸುತ್ತ ಎರಡು ಬೆರಳು ಜಾಗ ಉಳಿಯುತ್ತದೆ. ಆ ಜಾಗ ಬೇಕೇ ಬೇಕು. ಟಿನ್ ಗೋಡೆಗೆ ಒತ್ತಿಕೊಂಡಿದ್ದರೆ ಬಿಸಿ ಗಾಳಿ ಕೆಳಗಿನಿಂದ ಮೇಲೆ ಬರುವುದಿಲ್ಲ, ಕುಕಿಯ ತಳ ಕಪ್ಪಾಗಿ ಮೇಲೆ ಬೆಳ್ಳಗೇ ಇರುತ್ತದೆ. ಟಿನ್ ಕೊಳ್ಳುವ ಮೊದಲು ಹಳೆಯ ಪೇಪರನ್ನು ದುಂಡಗೆ ಕತ್ತರಿಸಿ ಓವನ್ನಿನ ಜಾಲರಿಯ ಮೇಲೆ ಇಟ್ಟು ಬಾಗಿಲು ಹಾಕಿ ನೋಡಿ. ಸಣ್ಣ ಓವನ್ ಇದ್ದರೆ ಎಂಟು ಇಂಚಿನದೇ ಮಾಡಿ. ಅದೂ ಉಡುಗೊರೆಯೇ.

ಪಾತ್ರೆ ಅಂಗಡಿಯಲ್ಲಿ ಸಿಗುವ ಸಾದಾ ಅಲ್ಯೂಮಿನಿಯಂ ಕೇಕ್ ಟಿನ್ ಸಾಕು. ಕಪ್ಪು ನಾನ್‌ಸ್ಟಿಕ್ ಟಿನ್ ಬಿಸಿಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ತಳ ಬೇಗ ಕೆಂಪಾಗುತ್ತದೆ. ಅದೇ ಇದ್ದರೆ ಓವನ್ ಬಿಸಿಯನ್ನು ಹತ್ತು ಡಿಗ್ರಿ ಇಳಿಸಿ. ಅಂಚಿಲ್ಲದ ಚಪ್ಪಟೆ ಟ್ರೇ ಮೇಲೂ ಮಾಡಬಹುದು, ಆದರೆ ಹಿಟ್ಟು ತನಗೆ ಬೇಕಾದ ಕಡೆ ಹರಿಯುತ್ತದೆ, ದುಂಡಗೆ ಬರುವುದಿಲ್ಲ. ಉಡುಗೊರೆಗೆ ಅಂಚಿರುವ ಟಿನ್ನೇ ಸರಿ.

ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದು ಮಾಡುತ್ತಾರೆ. ಬೇಯುತ್ತದೆ, ಸುಳ್ಳಲ್ಲ. ಆದರೆ ಶಾಖ ಬರುವುದು ಬಹುಪಾಲು ಕೆಳಗಿನಿಂದ, ಮೇಲೆ ಬಣ್ಣ ಬರುವುದಿಲ್ಲ. ಅಂಥದ್ದಕ್ಕೆ ಮೇಲೆ ಪೂರ್ತಿ ಚಾಕೊಲೇಟ್ ಬಳಿದುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ.

ಸಾಮಾನು

ಹತ್ತು ಇಂಚಿನ ಒಂದು ಕುಕಿಗೆ:

ಉಪ್ಪಿಲ್ಲದ ಬೆಣ್ಣೆ 115 ಗ್ರಾಂ
ಬ್ರೌನ್ ಶುಗರ್ 100 ಗ್ರಾಂ
ಸಕ್ಕರೆ 50 ಗ್ರಾಂ
ಮೊಟ್ಟೆ 1
ವೆನಿಲಾ ಎಸೆನ್ಸ್ 1 ಟೀ ಚಮಚ
ಮೈದಾ 180 ಗ್ರಾಂ
ಅಡುಗೆ ಸೋಡಾ ಅರ್ಧ ಟೀ ಚಮಚ
ಉಪ್ಪು ಕಾಲು ಟೀ ಚಮಚ
ಚಾಕೊಲೇಟ್ ಚಿಪ್ಸ್ 150 ಗ್ರಾಂ

ಗ್ರಾಂ ಲೆಕ್ಕ ಕೊಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಒಂದು ಕಪ್ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಆಗುತ್ತದೆ. ಸಾರಿಗೆ ಬೇಳೆ ಕಣ್ಣಂದಾಜಿನಲ್ಲಿ ಹಾಕಬಹುದು, ಇದಕ್ಕೆ ಆಗುವುದಿಲ್ಲ. ಮೈದಾ ಜಾಸ್ತಿಯಾದರೆ ನಡು ಒಣಕಲು, ಕಡಿಮೆಯಾದರೆ ಬೇಯುವುದೇ ಇಲ್ಲ. ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದುಕೊಳ್ಳಿ.

ಬೆಣ್ಣೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು 80 ಶೇಕಡಾಕ್ಕೆ ಕಡಿಮೆ ಇರುವುದಿಲ್ಲ, ಉಳಿದದ್ದು ಹೆಚ್ಚಿನಂಶ ನೀರು. ನಾನು ಬಳಸುವುದು ನಂದಿನಿಯ ಉಪ್ಪಿಲ್ಲದ ಬೆಣ್ಣೆ. ಹಳದಿ ಉಪ್ಪು ಬೆಣ್ಣೆ ಮಾತ್ರ ಇದ್ದರೆ ಅದೂ ಆಗುತ್ತದೆ, ಮೇಲಿನ ಉಪ್ಪು ಬಿಟ್ಟುಬಿಡಿ. ಮನೆಯಲ್ಲಿ ಕೆನೆ ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಅದು ದೋಸೆಗೆ ಇರಲಿ. ತುಪ್ಪ ಹಾಕಬಹುದಾ ಅಂತ ನಮ್ಮ ಅತ್ತೆಯವರು ಕೇಳುತ್ತಲೇ ಇರುತ್ತಾರೆ. ತುಪ್ಪದಲ್ಲಿ ನೀರಿಲ್ಲ, ಅದರಿಂದ ಬಿಸ್ಕತ್ತು ನಾನ್‌ಖಟಾಯಿಯಂತೆ ಪುಡಿಪುಡಿ ಆಗುತ್ತದೆ. ಬಾಯಿಗೆ ಚೆಂದ. ಆದರೆ ಹತ್ತು ಇಂಚಿನದನ್ನು ಎತ್ತಲು ಹೋದರೆ ನಡುವೆ ಬಿರುಕು ಬಿಡುತ್ತದೆ. ಉಡುಗೊರೆಗೆ ಬಾಗಿದರೂ ಮುರಿಯದ ಕುಕಿ ಬೇಕು, ಅದು ಬೆಣ್ಣೆಯಿಂದಲೇ ಬರುವುದು.

ಬ್ರೌನ್ ಶುಗರ್ ಸಿಗದಿದ್ದರೆ ಮಲೆನಾಡಿನವರಿಗೆ ಚಿಂತೆಯಿಲ್ಲ. ಬ್ರೌನ್ ಶುಗರ್ ಅಂದರೆ ಬಿಳಿ ಸಕ್ಕರೆಗೆ ಕಾಕಂಬಿ ಸೇರಿದ್ದು, ಅಷ್ಟೇ. 100 ಗ್ರಾಂ ಸಕ್ಕರೆಗೆ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಹಾಕಿ ಬೆರಳಲ್ಲಿ ತಿಕ್ಕಿ. ಒದ್ದೆ ಮರಳಿನ ಹಾಗಾಗುತ್ತದೆ, ಘಮ ಅಂಗಡಿಯದಕ್ಕಿಂತ ಮೇಲು. ಅದಕ್ಕಿಂತ ಜಾಸ್ತಿ ಜೋನಿ ಬೆಲ್ಲ ಬೇಡ, ಹಿಟ್ಟು ನೀರಾಗುತ್ತದೆ. ಈ ಕಂದು ಸಕ್ಕರೆಯೇ ಕುಕಿಯನ್ನು ನಾಲ್ಕು ದಿನ ಮೆತ್ತಗೆ ಇಡುವುದು. ಬರೀ ಬಿಳಿ ಸಕ್ಕರೆ ಹಾಕಿದರೆ ಗರಿಗರಿ ಆಗುತ್ತದೆ, ಆದರೆ ದಾರಿಯಲ್ಲಿ ಮುರಿಯುತ್ತದೆ.

ಮೊಟ್ಟೆ ತಿನ್ನದ ಮನೆಗೆ ಕಳಿಸುವುದಾದರೆ ಮೊಟ್ಟೆಯ ಬದಲು ಮೂರು ದೊಡ್ಡ ಚಮಚ ಹಾಲು ಮತ್ತು ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಮೊಸರು ಹಾಕುವವರೂ ಇದ್ದಾರೆ, ಅದು ಸ್ವಲ್ಪ ಕೇಕಿನ ಕಡೆ ವಾಲುತ್ತದೆ. ಚಿಪ್ಸ್‌ನಲ್ಲಿ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ್ದು) ಅಂತ ಬರೆದಿರುವುದು ಬಿಸಿಲಿಗೆ ಬೇಗ ಕರಗುವುದಿಲ್ಲ. ರುಚಿ ಸಾಧಾರಣ. ಒಳಗೆ ಒಳ್ಳೆಯ ಡಾರ್ಕ್ ಚಾಕೊಲೇಟನ್ನು ಚಾಕುವಿನಲ್ಲಿ ಕೊಚ್ಚಿ ಹಾಕಿ, ಮೇಲಿನ ಅಲಂಕಾರಕ್ಕೆ ಕಾಂಪೌಂಡ್ ಇಟ್ಟುಕೊಳ್ಳಿ.

ಹಿಟ್ಟು

ಎಲ್ಲ ರೆಸಿಪಿಯಲ್ಲೂ ಬೆಣ್ಣೆ ರೂಮ್ ಟೆಂಪರೇಚರ್‌ನಲ್ಲಿ ಇರಲಿ ಅಂತ ಬರೆದಿರುತ್ತಾರೆ. ಯಾರ ರೂಮು? ಚಾಕೊಲೇಟ್ ಚೂರಿನ ಕುಕಿ ಹುಟ್ಟಿದ್ದು 1930ರ ದಶಕದಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸಿನ ವಿಟ್‌ಮನ್ ಅನ್ನುವ ಊರಿನಲ್ಲಿ. ಟೋಲ್ ಹೌಸ್ ಇನ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬಾಕೆ ಮಾಡಿದ್ದು. ಅಂಥ ತಣ್ಣನೆಯ ಊರಿನಲ್ಲಿ ರೂಮು ಅಂದರೆ 20 ಡಿಗ್ರಿ ಆಸುಪಾಸು. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆ 32 ಡಿಗ್ರಿ ಮುಟ್ಟಿರುತ್ತದೆ, ಬೆಣ್ಣೆ ಕರಗುವುದೂ ಹೆಚ್ಚುಕಡಿಮೆ ಅಲ್ಲೇ. ಆದ್ದರಿಂದ ಗಡಿಯಾರ ನೋಡಬೇಡಿ, ಬೆರಳಲ್ಲಿ ಒತ್ತಿ ನೋಡಿ. ಬೆರಳಿನ ಗುರುತು ಉಳಿಯಬೇಕು, ಬೆರಳು ಒಳಗೆ ಜಾರಬಾರದು, ಮೇಲೆ ಎಣ್ಣೆಯ ಹೊಳಪು ಇರಬಾರದು. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದು ತುಂಡು ಮಾಡಿ ಇಟ್ಟರೆ ಹತ್ತು ನಿಮಿಷದೊಳಗೆ ಈ ಹದಕ್ಕೆ ಬರುತ್ತದೆ. ಡಿಸೆಂಬರಿನಲ್ಲಿ ಒಂದು ಗಂಟೆ ಬೇಕಾದೀತು.

ಬೆಣ್ಣೆಗೆ ಎರಡೂ ಸಕ್ಕರೆ ಹಾಕಿ ಬಣ್ಣ ಒಂದು ಛಾಯೆ ತಿಳಿಯಾಗುವವರೆಗೆ ತಿರುವಿ. ಬೀಟರಿನಲ್ಲಿ ಎರಡು ನಿಮಿಷ, ಮರದ ಸೌಟಿನಲ್ಲಿ ಐದಾರು ನಿಮಿಷ. ಕೇಕಿನಷ್ಟು ನೊರೆ ಬರಿಸಬೇಡಿ. ಗಾಳಿ ಜಾಸ್ತಿ ಸೇರಿದರೆ ಓವನ್ನಿನಲ್ಲಿ ಉಬ್ಬಿ, ಹೊರಗೆ ಬಂದ ಮೇಲೆ ನಡು ಕುಸಿಯುತ್ತದೆ. ಮೊಟ್ಟೆ, ವೆನಿಲಾ ಸೇರಿಸಿ ಇನ್ನೊಮ್ಮೆ ತಿರುವಿ. ಮೈದಾ, ಸೋಡಾ, ಉಪ್ಪು ಜರಡಿ ಹಿಡಿದು ಹಾಕಿ ಸೌಟಿನಲ್ಲೇ ಕಲೆಸಿ. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಲು ಹೋದರೆ ಅಂಟು ಬಂದು ಕುಕಿ ರಬ್ಬರ್ ಆಗುತ್ತದೆ. ಮುಕ್ಕಾಲು ಪಾಲು ಚಾಕೊಲೇಟ್ ಈಗ ಹಾಕಿ, ಕಾಲು ಪಾಲು ಮೇಲಕ್ಕೆ ಇಟ್ಟುಕೊಳ್ಳಿ. ಮಕ್ಕಳು ಪಾತ್ರೆ ನೆಕ್ಕಲು ಬರುತ್ತಾರೆ. ಹಸಿ ಮೈದಾ, ಹಸಿ ಮೊಟ್ಟೆ ಎರಡೂ ಹೊಟ್ಟೆಗೆ ಒಳ್ಳೆಯದಲ್ಲ. ಅವರ ಕೈಗೆ ನಾಲ್ಕು ಚಿಪ್ಸ್ ಕೊಟ್ಟು ಕಳಿಸಿ.

ಹಿಟ್ಟನ್ನು ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಿ. ಮೈದಾ ನೀರು ಕುಡಿಯುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ತಟ್ಟಲು ಕೈಗೆ ಅಂಟುವುದಿಲ್ಲ.

ಅಷ್ಟರಲ್ಲಿ ಟಿನ್ ಸಿದ್ಧ ಮಾಡಿ. ತಳಕ್ಕೆ ದುಂಡಗೆ ಕತ್ತರಿಸಿದ ಬೇಕಿಂಗ್ ಪೇಪರ್. ಅದರ ಕೆಳಗೆ ಎರಡಿಂಚು ಅಗಲದ ಎರಡು ಉದ್ದ ಪಟ್ಟಿ, ಒಂದರ ಮೇಲೊಂದು ಅಡ್ಡಡ್ಡ, ತುದಿಗಳು ಟಿನ್ನಿನ ಹೊರಗೆ ಬರುವ ಹಾಗೆ. ಆಮೇಲೆ ಕುಕಿಯನ್ನು ಎತ್ತಲು ಇವೇ ಹಿಡಿಕೆ. ಬೋಂಡಾ ಕಟ್ಟಿಕೊಡುವ ತೆಳ್ಳನೆಯ ಬಟರ್ ಪೇಪರ್ ಬೇಡ, ಅದು ಅಂಟಿಕೊಂಡು ಚೂರುಚೂರಾಗಿ ಬರುತ್ತದೆ. ಟಿನ್ನಿನ ಗೋಡೆಗೆ ಬೆಣ್ಣೆ ಸವರಿ.

ಹಿಟ್ಟನ್ನು ಟಿನ್ನಿಗೆ ಹಾಕಿ ಅಂಗೈಯಲ್ಲಿ ತಟ್ಟಿ. ದಪ್ಪ ಸುಮಾರು ಒಂದು ಸೆಂಟಿಮೀಟರ್ ಬರುತ್ತದೆ. ಈಗ ಗಮನವಿಟ್ಟು ಮಾಡುವ ಕೆಲಸ: ನಡುವೆ ಒಂದು ಅಂಗೈಯಗಲ ಜಾಗವನ್ನು ಬೆರಳ ತುದಿಯಲ್ಲಿ ಒತ್ತಿ, ಅಂಚಿಗಿಂತ ಸ್ವಲ್ಪ ತೆಳ್ಳಗೆ ಮಾಡಿ. ಹೊರಗಿನಿಂದ ನೋಡಿದರೆ ತಟ್ಟೆಯ ಹಾಗೆ ತುಸು ತಗ್ಗು ಕಾಣಬೇಕು, ಗುಂಡಿ ಆಗಬಾರದು. ಬೇಯುವಾಗ ಅಂಚು ಮೊದಲು ಗಟ್ಟಿಯಾಗಿ ನಿಲ್ಲುತ್ತದೆ, ನಡು ಆಮೇಲೆ ಉಬ್ಬುತ್ತದೆ. ಕೊನೆಗೆ ಎರಡೂ ಸಮ ಆಗುತ್ತವೆ. ಉಳಿಸಿಕೊಂಡ ಚಾಕೊಲೇಟನ್ನು ಅಂಚಿನ ಸುತ್ತ ಒತ್ತಿ. ನಡುವೆ ಬರೆಯುವ ಜಾಗ ಖಾಲಿ ಬಿಡಿ, ಉಬ್ಬುತಗ್ಗಿನ ಮೇಲೆ ಅಕ್ಷರ ಕೂರುವುದಿಲ್ಲ.

ಓವನ್

170 ಡಿಗ್ರಿಗೆ ಇಟ್ಟು ಹದಿನೈದು ನಿಮಿಷ ಖಾಲಿ ಓವನ್ ಕಾಯಿಸಿ. ಓಟಿಜಿಯ ಗುಂಡಿ ಹೇಳುವ ಬಿಸಿ ಬೇರೆ, ಒಳಗಿನ ಬಿಸಿ ಬೇರೆ. ಒಳಗೆ ತೂಗುಹಾಕುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಜಾಸ್ತಿ ದುಡ್ಡೇನಲ್ಲ. ಟಿನ್ ನಡುವಿನ ಜಾಲರಿಯಲ್ಲಿರಲಿ. ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ. ಮೇಲಿನ ರಾಡ್ ತೀರ ಹತ್ತಿರ ಇದ್ದರೆ ಮೊದಲ ಹದಿನೈದು ನಿಮಿಷ ಕೆಳಗಿನದು ಮಾತ್ರ.

ಒಟ್ಟು 22ರಿಂದ 26 ನಿಮಿಷ ಹಿಡಿಯುತ್ತದೆ. ಇಪ್ಪತ್ತನೇ ನಿಮಿಷದಿಂದ ಗಾಜಿನ ಮುಂದೆ ಕೂತುಕೊಳ್ಳಿ. ಅಂಚು ಹೊಂಬಣ್ಣಕ್ಕೆ ತಿರುಗಿ ಗೋಡೆಯಿಂದ ಕೂದಲೆಳೆಯಷ್ಟು ಬಿಟ್ಟಿರಬೇಕು. ನಡುವಿನ ಹಸಿ ಹೊಳಪು ಹೋಗಿ ಮಂಕಾಗಿರಬೇಕು, ಆದರೆ ಮುಟ್ಟಿದರೆ ಇನ್ನೂ ಮೆತ್ತಗಿರಬೇಕು. ಟಿನ್ನನ್ನು ಸ್ವಲ್ಪ ಅಲುಗಿಸಿ. ನಡು ತುಳುಕಿದರೆ ಇನ್ನೂ ಎರಡು ಮೂರು ನಿಮಿಷ. ಕೇಕಿಗೆ ಮಾಡುವಂತೆ ಕಡ್ಡಿ ಚುಚ್ಚಿ ನೋಡುವುದು ಇಲ್ಲಿ ನಡೆಯುವುದಿಲ್ಲ, ಕರಗಿದ ಚಾಕೊಲೇಟ್ ಅಂಟಿ ಬಂದು ದಾರಿ ತಪ್ಪಿಸುತ್ತದೆ. ಅಂಚು ಆಗಲೇ ಕೆಂಪಾಗಿ ನಡು ಹಿಂದೆ ಬಿದ್ದಿದ್ದರೆ ಫಾಯಿಲ್‌ನಲ್ಲಿ ಬಳೆಯ ಥರ ಒಂದು ಸುತ್ತು ಮಾಡಿ ಅಂಚಿನ ಮೇಲೆ ಮುಚ್ಚಿ ಬೇಯಿಸಿ.

ಇಲ್ಲಿ ಕರೆಂಟು ಹೋಗುತ್ತದೆ. ಮಳೆಗಾಲದಲ್ಲಿ ಕೇಳುವುದೇ ಬೇಡ. ಬೇಯುವಾಗ ಹೋದರೆ ಬಾಗಿಲು ತೆಗೆಯಬೇಡಿ. ಕೊನೆಯ ಐದು ನಿಮಿಷದಲ್ಲಿ ಹೋದರೆ ಒಳಗಿನ ಬಿಸಿಯೇ ಮುಗಿಸಿಕೊಡುತ್ತದೆ. ಶುರುವಿನಲ್ಲೇ ಹೋಗಿ ಕಾಲು ಗಂಟೆ ಬರದಿದ್ದರೆ ಬೆಣ್ಣೆ ಕರಗಿ ಕೆಳಗೆ ಇಳಿದಿರುತ್ತದೆ. ಅದನ್ನು ಬೇಯಿಸಿ ಮನೆಯವರು ತಿನ್ನಿ, ಉಡುಗೊರೆಗೆ ಬೇರೆ ಮಾಡಿ.

ಹೊರಗೆ ತೆಗೆದ ಟಿನ್ನನ್ನು ಕಟ್ಟೆಯ ಮೇಲೆ ಒಮ್ಮೆ ಮೆಲ್ಲಗೆ ಕುಟ್ಟಿ, ಒಳಗಿನ ಗಾಳಿ ಇಳಿದು ಮೇಲ್ಮೈ ಸಮ ಆಗುತ್ತದೆ. ಆಮೇಲೆ ಮುಟ್ಟಬೇಡಿ. ಬಿಸಿಯಲ್ಲಿ ಕುಕಿಗೆ ಬೆನ್ನೆಲುಬಿಲ್ಲ. ಟಿನ್ನಿನ ಶಾಖದಲ್ಲೇ ನಡು ಇನ್ನೂ ಹತ್ತು ನಿಮಿಷ ಬೇಯುತ್ತಿರುತ್ತದೆ. ಪೂರ್ತಿ ತಣ್ಣಗಾಗಲು ಒಂದೂವರೆ ಎರಡು ಗಂಟೆ ಬೇಕು. ಆಗ ಪಟ್ಟಿಗಳ ನಾಲ್ಕೂ ತುದಿ ಹಿಡಿದು ಒಬ್ಬರೇ ಎತ್ತಬೇಡಿ, ಇನ್ನೊಬ್ಬರನ್ನು ಕರೆಯಿರಿ.

ಸಂಜೆ ಮಾಡಿದರೆ ರಾತ್ರಿಯೆಲ್ಲ ಹಾಗೇ ಬಿಟ್ಟು ಬೆಳಿಗ್ಗೆ ಅಲಂಕಾರ ಮಾಡುವುದು ನನ್ನ ಪದ್ಧತಿ. ಇರುವೆ ಇರುವ ಮನೆಯಾದರೆ (ಯಾವ ಮನೆಯಲ್ಲಿ ಇಲ್ಲ?) ಅಗಲ ತಟ್ಟೆಗೆ ನೀರು ಹಾಕಿ, ನಡುವೆ ಒಂದು ಬಟ್ಟಲು ಬೋರಲು ಹಾಕಿ, ಅದರ ಮೇಲೆ ಟಿನ್ ಇಡಿ.

ಅಲಂಕಾರ

ಎರಡು ಬಗೆಯ ಐಸಿಂಗ್ ಬೇಕಾಗುತ್ತದೆ. ಅಂಚಿಗೆ ಒಂದು, ಬರೆಯಲು ಒಂದು.

ಅಂಚಿಗೆ ಬಟರ್‌ಕ್ರೀಮ್ ಚೆಂದ. 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200 ಗ್ರಾಂ ಐಸಿಂಗ್ ಶುಗರ್, ಒಂದೆರಡು ಚಮಚ ಹಾಲು, ಬೆಳ್ಳಗಾಗುವವರೆಗೆ ಬೀಟ್ ಮಾಡಿದರೆ ಆಯಿತು. ಆದರೆ ಇದು ಚಳಿಗಾಲಕ್ಕೆ, ಅಥವಾ ಇದೇ ಊರಿನಲ್ಲಿ ಕೊಡುವುದಕ್ಕೆ. ಬೇಸಿಗೆಯಲ್ಲಿ ಬಸ್ಸು ಹತ್ತಿದರೆ ಕರಗಿ ಜಾರುತ್ತದೆ. ದೂರದ ಪ್ರಯಾಣಕ್ಕೆ ಗನಾಶ್ ಮಾಡಿ: 100 ಗ್ರಾಂ ಡಾರ್ಕ್ ಚಾಕೊಲೇಟ್ ಕೊಚ್ಚಿ, 50 ಗ್ರಾಂ ಕ್ರೀಮ್ ಬಿಸಿ ಮಾಡಿ ಅದರ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು ತಿರುವಿ. ತಣ್ಣಗಾದ ಮೇಲೆ ಕೋನಿಗೆ ತುಂಬುವಷ್ಟು ಗಟ್ಟಿ ಬರುತ್ತದೆ. ಬಟರ್‌ಕ್ರೀಮಿಗಿಂತ ಬಿಸಿಲಿಗೆ ತಾಳುತ್ತದೆ.

ಬರೆಯಲು ಅಂಗಡಿಯವರು ಮೊಟ್ಟೆಯ ಬಿಳಿಯ ರಾಯಲ್ ಐಸಿಂಗ್ ಹೇಳುತ್ತಾರೆ. ಹಸಿ ಮೊಟ್ಟೆ ಉಡುಗೊರೆಯಲ್ಲಿ ಬೇಡ ಅನ್ನುವುದು ನನ್ನ ನಿಲುವು. 100 ಗ್ರಾಂ ಐಸಿಂಗ್ ಶುಗರ್‌ಗೆ ಮೂರು ಟೀ ಚಮಚ ಹಾಲು, ನಾಲ್ಕು ಹನಿ ನಿಂಬೆರಸ ಹಾಕಿ ತಿರುವಿದರೆ ಸಾಕು. ಚಮಚದಿಂದ ಎತ್ತಿ ಬಿಟ್ಟಾಗ ಬಿದ್ದ ಎಳೆ ಮೇಲೆಯೇ ನಿಲ್ಲಬೇಕು. ಹರಡಿ ಮಾಯವಾದರೆ ಇನ್ನೊಂದು ಚಮಚ ಸಕ್ಕರೆ. ಐಸಿಂಗ್ ಶುಗರ್ ಮನೆಯಲ್ಲೇ ಮಾಡುವುದಾದರೆ ಸಕ್ಕರೆಗೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಮಿಕ್ಸಿಯಲ್ಲಿ ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜಾಲಿಸಿ. ಒಂದು ಹರಳು ಉಳಿದರೂ ಕೋನಿನ ತೂತಿಗೆ ಸಿಕ್ಕಿಕೊಂಡು ಕೆಲಸ ಕೆಡಿಸುತ್ತದೆ. ಬಣ್ಣಕ್ಕೆ ಜೆಲ್ ಬಣ್ಣ ತನ್ನಿ, ಕಡ್ಡಿಯ ತುದಿಯಷ್ಟು ಸಾಕು. ನೀರಿನ ಬಣ್ಣ ಐಸಿಂಗನ್ನು ತೆಳ್ಳಗೆ ಮಾಡುತ್ತದೆ.

ಪೈಪಿಂಗ್ ಬ್ಯಾಗ್ ಇಲ್ಲದಿದ್ದರೆ ಬೇಕಿಂಗ್ ಪೇಪರಿನಲ್ಲಿ ಮೆಹಂದಿ ಕೋನ್ ಸುತ್ತುವ ಹಾಗೇ ಸುತ್ತಿ. ಹಿಡಿಯುವುದೂ ಹಾಗೇ, ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಬೇಕು. ತುದಿ ಎರಡು ಮಿಲಿಮೀಟರ್ ಕತ್ತರಿಸಿ. ಅದಕ್ಕಿಂತ ಸಣ್ಣ ಗೆರೆ ಕಂದು ಕುಕಿಯ ಮೇಲೆ ದೂರದಿಂದ ಕಾಣುವುದಿಲ್ಲ.

ಇನ್ನು ಕನ್ನಡದಲ್ಲಿ ಬರೆಯುವ ವಿಚಾರ. ವಿಡಿಯೋಗಳಲ್ಲಿ ತೋರಿಸುವುದೆಲ್ಲ ಇಂಗ್ಲಿಷ್ ಅಕ್ಷರ. ಅದಕ್ಕೆ ಒಂದು ಗೆರೆ ಸಾಕು. ನಮ್ಮದಕ್ಕೆ ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ಕೆಳಗೆ ಒತ್ತು. ಹತ್ತು ಇಂಚಿನಲ್ಲಿ ಅಂಚಿನ ಅಲಂಕಾರ ಬಿಟ್ಟರೆ ಉಳಿಯುವುದು ಎಂಟು ಇಂಚು. ಓದುವಷ್ಟು ದೊಡ್ಡದಾಗಿ ಬರೆದರೆ ನಡುವಿನ ಸಾಲಿಗೆ ಆರೇಳು ಅಕ್ಷರ, ಮೇಲಿನ ಕೆಳಗಿನ ಸಾಲಿಗೆ ಇನ್ನೂ ಕಡಿಮೆ. "ಹುಟ್ಟುಹಬ್ಬದ ಶುಭಾಶಯಗಳು" ಎರಡು ಸಾಲಿಗೆ ಹಿಡಿಯುತ್ತದೆ, ಆದರೆ ಮೇಲಿನ ಸಾಲಿನ ಎರಡು ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಒಂದು ಅಕ್ಷರದಷ್ಟು ಎತ್ತರದ ಖಾಲಿ ಜಾಗ ನಡುವೆ ಬಿಡಬೇಕು. ಹೆಸರೂ ಬೇಕೆಂದರೆ ಜಾಗ ಎಲ್ಲಿ? ನಾನು "ಶುಭವಾಗಲಿ" ಅಂತ ಬರೆಯುತ್ತೇನೆ. ಐದೇ ಅಕ್ಷರ, ಒಂದೂ ಒತ್ತಿಲ್ಲ, ಮದುವೆಗೂ ಆಗುತ್ತದೆ, ಪರೀಕ್ಷೆಗೂ ಆಗುತ್ತದೆ. ಕೆಳಗೆ ಹೆಸರು. ಅಜ್ಜಿಗೆ ಎಂಬತ್ತಾದಾಗ ಬರೀ "ಅಜ್ಜಿ 80" ಅಂತ ದೊಡ್ಡದಾಗಿ ಬರೆದೆ. ಅಜ್ಜಿ ಕನ್ನಡಕ ಹಾಕದೆ ಓದಿದರು.

ಮೊದಲು ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಬರೆದು ನೋಡಿ, ಕೆರೆದು ಮತ್ತೆ ಕೋನಿಗೆ ತುಂಬಿಕೊಳ್ಳಬಹುದು. ಆಮೇಲೆ ಕುಕಿಯ ಮೇಲೆ ಟೂತ್‌ಪಿಕ್‌ನಲ್ಲಿ ಚುಕ್ಕಿ ಗುರುತು: ನಡುವಿನ ಅಕ್ಷರ ಎಲ್ಲಿ, ಅದರ ಎಡ ಬಲಕ್ಕೆ ಎಷ್ಟು ಅಂತ. "ಶುಭವಾಗಲಿ"ಯಲ್ಲಿ "ವಾ" ನಡುವೆ ಬರುತ್ತದೆ. ಅದು ಎರಡಕ್ಷರದಷ್ಟು ಅಗಲ, ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ "ಲಿ" ಅಂಚಿನಲ್ಲಿ ಮುದುಡುತ್ತದೆ. ಬರೆಯುವಾಗ ಕೋನಿನ ತುದಿ ಕುಕಿಗೆ ತಾಗಬಾರದು, ಒಂದು ಬೆರಳಿನಷ್ಟು ಮೇಲಿರಲಿ, ಎಳೆ ತಾನೇ ಕೆಳಗೆ ಬೀಳಲಿ. ಅಕ್ಷರದ ಹೊಟ್ಟೆಯನ್ನು ಮೊದಲು ಒಂದೇ ಎಳೆಯಲ್ಲಿ ಸುತ್ತಿ, ತಲೆಕಟ್ಟನ್ನು ಎಲ್ಲ ಅಕ್ಷರ ಮುಗಿದ ಮೇಲೆ ಒಟ್ಟಿಗೆ ಹಾಕಿ. ಸಾಲು ನೇರ ಕಾಣುತ್ತದೆ. ತಪ್ಪಿದರೆ ಗಾಬರಿ ಬೇಡ, ಒಣಗುವವರೆಗೆ ಬಿಟ್ಟು ಚಾಕುವಿನ ತುದಿಯಲ್ಲಿ ಎಬ್ಬಿಸಿದರೆ ಪೂರ್ತಿ ಎದ್ದು ಬರುತ್ತದೆ. ಒದ್ದೆ ಇರುವಾಗ ಒರೆಸಲು ಹೋದರೇ ಗಲೀಜು.

ಮೇಲೆ ಉದುರಿಸಲು ಪೇಟೆಯ ಸ್ಪ್ರಿಂಕಲ್ಸೇ ಆಗಬೇಕೆಂದಿಲ್ಲ. ಬಣ್ಣದ ಸೋಂಪು ಇದೆ, ಟೂಟಿ ಫ್ರೂಟಿ ಇದೆ, ಜೆಮ್ಸ್ ಇದೆ. ಜೆಮ್ಸನ್ನು ಒದ್ದೆ ಐಸಿಂಗಿನ ಮೇಲೆ ಒತ್ತಿದರೆ ಬಣ್ಣ ಸುತ್ತ ಹರಡುತ್ತದೆ, ಅರ್ಧ ಒಣಗಿದ ಮೇಲೆ ಇಡಿ. ಸಂಕ್ರಾಂತಿ ಹೊತ್ತಿಗೆ ಮಾಡುವ ಕುಕಿಗೆ ನನ್ನ ಅಲಂಕಾರ ಬೇರೆಯೇ: ಅಂಚಿಗೆ ಗನಾಶಿನ ಸುತ್ತು, ಅದರ ಮೇಲೆ ಬಿಳಿ ಕುಸುರೆಳ್ಳು ಒತ್ತೊತ್ತಾಗಿ, ನಡುವೆ ಒಂದು ಸಣ್ಣ ಸಕ್ಕರೆ ಅಚ್ಚು. ಕಪ್ಪಿನ ಮೇಲೆ ಆ ಬಿಳಿ ಮುಳ್ಳುಮುಳ್ಳು ಕಾಳು ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಎಳ್ಳು ಬೀರಲು ಹೋದ ಮನೆಯಲ್ಲಿ ಅತ್ತಿಗೆ ಅದನ್ನು ಕತ್ತರಿಸಲು ಬಿಡದೆ ಸಂಜೆಯವರೆಗೆ ಎಲ್ಲರಿಗೂ ತೋರಿಸುತ್ತಿದ್ದರು.

ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಜಾತ್ರೆಯಲ್ಲಿ ಹೃದಯದ ಆಕಾರದ ದೊಡ್ಡ ಬಿಸ್ಕತ್ತಿಗೆ ರಿಬ್ಬನ್ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ, ಮೇಲೆ ಐಸಿಂಗಿನಲ್ಲಿ ಪ್ರೀತಿಯ ಮಾತು ಬರೆದಿರುತ್ತದೆ. ಫೋಟೋ ನೋಡಿ ಅಣ್ಣನ ಮಗಳು "ಅತ್ತೆ, ಹಾಗೇ ಮಾಡಿಕೊಡಿ" ಅಂತ ಹಠ ಹಿಡಿದಳು. ಅದು ಮಸಾಲೆ ಹಾಕಿದ ಗಟ್ಟಿ ಬಿಸ್ಕತ್ತು. ನಮ್ಮ ಬೆಣ್ಣೆ ಕುಕಿಗೆ ತೂತು ಮಾಡಿ ತೂಗುಹಾಕಿದರೆ ಐದು ನಿಮಿಷದಲ್ಲಿ ಕೆಳಗೆ. ಆಕಾರ ಬೇಕೆಂದರೆ ಬೆಂದ ಕುಕಿ ಬೆಚ್ಚಗಿರುವಾಗಲೇ ಪೇಪರಿನ ಅಚ್ಚು ಇಟ್ಟು ಹರಿತ ಚಾಕುವಿನಲ್ಲಿ ಹೃದಯ ಕತ್ತರಿಸಿ. ಸುತ್ತಲಿನ ಚೂರು ಅಡುಗೆಮನೆಯಲ್ಲೇ ಖರ್ಚಾಗುತ್ತದೆ.

ಜುಲೈ ಮಳೆಯಲ್ಲಿ ಐಸಿಂಗ್ ಒಣಗುವುದಿಲ್ಲ ಅಂತ ಫ್ರಿಜ್‌ನಲ್ಲಿ ಇಡುತ್ತಾರೆ. ಹೊರಗೆ ತೆಗೆದಾಗ ಬೆವರಿ ಅಕ್ಷರವೆಲ್ಲ ಇಳಿಯುತ್ತದೆ. ಫ್ಯಾನಿನ ಕೆಳಗೆ ನಾಲ್ಕೈದು ಗಂಟೆ ಬಿಡಿ, ಇಲ್ಲವೇ ಆರಿಸಿದ ಆದರೆ ಇನ್ನೂ ಬೆಚ್ಚಗಿರುವ ಓವನ್ನಿನಲ್ಲಿ ಬಾಗಿಲು ತೆರೆದು ಹತ್ತು ನಿಮಿಷ. ಗನಾಶ್ ಅಥವಾ ಬಟರ್‌ಕ್ರೀಮ್ ಹಾಕಿದ್ದರೆ ಓವನ್ ಬೇಡ.

ಕಟ್ಟುವುದು, ಕಳಿಸುವುದು

ಕುಕಿಯ ಕೆಳಗೆ ಗಟ್ಟಿ ತಳ ಬೇಕು. ಹನ್ನೆರಡು ಇಂಚಿನ ಕೇಕ್ ಬೋರ್ಡ್, ಅಥವಾ ರಟ್ಟಿನ ಡಬ್ಬಿಯಿಂದ ಎರಡು ಪದರ ಕತ್ತರಿಸಿ ಫಾಯಿಲ್ ಸುತ್ತಿದ್ದು. ನಡುವೆ ಎರಡು ಚಮಚ ಐಸಿಂಗ್ ಹಚ್ಚಿ ಅದರ ಮೇಲೆ ಕುಕಿ ಇಟ್ಟರೆ ಜಾರುವುದಿಲ್ಲ. ಡಬ್ಬಿಗೆ ಪಿಜ್ಜಾ ಬಾಕ್ಸಿನಷ್ಟು ಹೊಂದುವುದು ಇನ್ನೊಂದಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಡಿಯಾಗಿ ಕೊಡುತ್ತಾರೆ, ನಿಮ್ಮ ಊರಿನಲ್ಲೂ ಕೇಳಿ ನೋಡಿ. ಹನ್ನೆರಡು ಇಂಚಿನ ಸಾದಾ ಡಬ್ಬಿ ತಂದು ಮೇಲೆ ಮಕ್ಕಳ ಕೈಯಲ್ಲಿ ಚಿತ್ರ ಬರೆಸಿ. ಕೈಯಲ್ಲಿ ಒಯ್ಯುವುದಾದರೆ ಇಷ್ಟು ಸಾಕು. ಬಸ್ಸಿನ ಪಾರ್ಸೆಲ್‌ಗೆ ಹಾಕುವುದಾದರೆ ಇದನ್ನು ಇನ್ನೊಂದು ದೊಡ್ಡ ರಟ್ಟಿನ ಡಬ್ಬಿಯಲ್ಲಿಟ್ಟು ಸುತ್ತ ಪೇಪರ್ ಉಂಡೆ ತುರುಕಿ. ಅಂಥದ್ದಕ್ಕೆ ಅಂಚಿನ ಕ್ರೀಮ್ ಬೇಡ, ಒಣಗಿದ ಐಸಿಂಗ್ ಮಾತ್ರ. ಡಬ್ಬಿ ತಲೆಕೆಳಗಾಗುತ್ತದೆ ಅಂತಲೇ ತಿಳಿದು ಕಟ್ಟಿ.

ಸಾದಾ ಕುಕಿ ಗಾಳಿಯಾಡದಂತೆ ಮುಚ್ಚಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಗನಾಶ್ ಹಾಕಿದ್ದು ಚಳಿಯಲ್ಲಿ ಎರಡು ದಿನ, ಸೆಕೆಯಲ್ಲಿ ಒಂದೇ ದಿನ, ಆಮೇಲೆ ಫ್ರಿಜ್. ಡಬ್ಬಿಯ ಒಳಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ: ಮೊಟ್ಟೆ ಹಾಕಿದೆಯೋ ಇಲ್ಲವೋ, ಗೋಡಂಬಿ ಬಾದಾಮಿ ಇದೆಯೋ, ಯಾವತ್ತು ಮಾಡಿದ್ದು, ಯಾವತ್ತಿನೊಳಗೆ ತಿನ್ನಬೇಕು. ಮೊಟ್ಟೆಯ ವಿಷಯ ಫೋನಿನಲ್ಲಿ ಹೇಳಿದ್ದೇನೆ ಅಂತ ಬಿಡಬೇಡಿ. ಫೋನಿನಲ್ಲಿ ಕೇಳಿದವರು ಒಬ್ಬರು, ಡಬ್ಬಿ ತೆಗೆಯುವವರು ಇನ್ನೊಬ್ಬರು.

ಕತ್ತರಿಸುವುದನ್ನೂ ಚೀಟಿಯ ಕೆಳಗೆ ಬರೆದಿಡಿ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಗರಗಸದಂತೆ ಎಳೆಯದೆ ಮೇಲಿನಿಂದ ನೇರ ಒತ್ತಬೇಕು. ಮೊದಲು ನಾಲ್ಕು, ಆಮೇಲೆ ಎಂಟು, ಮಕ್ಕಳು ಜಾಸ್ತಿ ಇದ್ದರೆ ಹದಿನಾರು. ಹೆಸರು ಬರೆದ ತುಂಡು ಯಾರಿಗೆ ಅನ್ನುವುದನ್ನು ಮಾತ್ರ ಕತ್ತರಿಸುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.